ಪಿಲ್ಲರ್ ನಂಬರ್ ಹೇಳಿ ಸಾರ್

ಒಂದು ಭಾನುವಾರ ಇಂದಿರಾನಗರದಲ್ಲಿ ಹಳೇ ರೂಮ್‌ಮೇಟ್ ಮನೆಗೆ ಹೋಗಿದ್ದೆ. ಮಧ್ಯಾಹ್ನ ಬಿರಿಯಾನಿ ತರಿಸೋಣ ಅಂತ ಆರ್ಡರ್ ಮಾಡಿದ್ದಾಯ್ತು. ಮ್ಯಾಪಲ್ಲಿ ಪಿನ್ ಎಲ್ಲೋ ಹೋಗಿ ಕೂತಿತ್ತು ಅನ್ಸತ್ತೆ, ಡೆಲಿವರಿ ಹುಡುಗ ಫೋನ್ ಮಾಡಿ ಎಲ್ಲಿಗೆ ಬರ್ಬೇಕು ಅಂದ. ನಾನು ನನ್ನ ಕಾಲದ ಲೆಕ್ಕದಲ್ಲೇ ಶುರು ಹಚ್ಕೊಂಡೆ, ಸಿಎಂಎಚ್ ರೋಡಲ್ಲಿ ಹಲಸೂರು ಕಡೆಯಿಂದ ಬಂದ್ರೆ ಎಡಗಡೆ ಮೊದ್ಲು ಒಂದು ಕ್ಯಾಸೆಟ್ ಅಂಗಡಿ ಇತ್ತಲ್ಲ, ಅದು ದಾಟಿ ಹೊಂಗೆ ಮರದ ಹತ್ರ ಒಂದು ಕ್ರಾಸ್ ಬರತ್ತೆ, ಅಲ್ಲಿ ಇಸ್ತ್ರಿ ಗಾಡಿ ನಿಂತಿರತ್ತೆ... ಹುಡುಗ ಪಾಪ ಪೂರ್ತಿ ಕೇಳಿಸ್ಕೊಂಡ. ಆಮೇಲೆ, "ಅದೆಲ್ಲ ಬೇಡ, ಪಿಲ್ಲರ್ ನಂಬರ್ ಹೇಳಿ ಸಾರ್" ಅಂದ.

ನನಗೆ ಗೊತ್ತಿರ್ಲಿಲ್ಲ. ಒಂದು ನಿಮಿಷ ಇರಪ್ಪ, ನೋಡಿ ಹೇಳ್ತೀನಿ ಅಂತ ಚಪ್ಪಲಿ ಹಾಕ್ಕೊಂಡು ಕೆಳಗೆ ಇಳಿದೆ. ಇಳೀತಾ ಇಳೀತಾ ಒಂಥರಾ ನಾಚಿಕೆ ಆಯ್ತು. ಯಾಕಂದ್ರೆ ಆ ಮೆಟ್ರೋ ಕಂಬ ಎದ್ದಿದ್ದು ನನ್ನ ಕಣ್ಣೆದುರಿಗೆ. ಅದರ ಗುಂಡಿ ತೋಡಿದ್ದು, ಕಬ್ಬಿಣ ಕಟ್ಟಿದ್ದು, ಕಾಂಕ್ರೀಟ್ ಸುರಿದಿದ್ದು, ಮೇಲೆ ಟೋಪಿ ಕೂರಿಸಿದ್ದು, ಎಲ್ಲಾ ನೋಡಿದೀನಿ. ಹೆಸರು ಮಾತ್ರ ಕೇಳಿರ್ಲಿಲ್ಲ.

ಮೂರು ಸೆಕೆಂಡಿನ ಕಿಟಕಿ

ಈಗ ನಾನಿರೋದು ವಿಜಯನಗರದಲ್ಲಿ, ಕೆಲಸ ಐಟಿಪಿಎಲ್ ಟೆಕ್ ಪಾರ್ಕ್ ಕಡೆ. ದಿನಾ ಮೆಟ್ರೋದ ನೇರಳೆ ಲೈನಲ್ಲಿ ವಿಜಯನಗರದಿಂದ ಪಟ್ಟಂದೂರು ಅಗ್ರಹಾರದ ತನಕ, ಹತ್ರಹತ್ರ ಒಂದು ಗಂಟೆ. ಮೆಜೆಸ್ಟಿಕ್ ಸುತ್ತಮುತ್ತ ಪೂರ್ತಿ ನೆಲದಡಿ, ಫೋನಲ್ಲಿ ಮುಖ ಹುದುಗಿಸಿ ಕೂತಿರ್ತೀವಿ. ಕಬ್ಬನ್ ಪಾರ್ಕ್ ದಾಟಿದ ತಕ್ಷಣ ರೈಲು ಚಿನ್ನಸ್ವಾಮಿ ಸ್ಟೇಡಿಯಂ ಪಕ್ಕ ಮೇಲಕ್ಕೆ ಹತ್ತತ್ತೆ, ಬೆಳಕು ಒಮ್ಮೆಲೇ ಒಳಗೆ ನುಗ್ಗತ್ತೆ, ಆ ಒಂದು ಕ್ಷಣ ಡಬ್ಬಿಯಲ್ಲಿರೋ ಅರ್ಧ ಜನ ತಲೆ ಎತ್ತುತಾರೆ, ನೀವೂ ಗಮನಿಸಿರ್ತೀರ. ಎಂಜಿ ರೋಡ್, ಟ್ರಿನಿಟಿ, ಹಲಸೂರು. ಹಲಸೂರು ಬಿಟ್ಟ ಮೇಲೆ ನಾನು ಎಡಗಡೆ ಬಾಗಿಲ ಹತ್ರ ಹೋಗಿ ನಿಲ್ತೀನಿ. ಅಲ್ಲೊಂದು ಮೂರು ಮಾಳಿಗೆ ಕಟ್ಟಡ ಇದೆ, ಎರಡನೇ ಮಾಳಿಗೆಯಲ್ಲಿ ರೋಡಿಗೆ ಮುಖ ಮಾಡಿರೋ ಒಂದು ಕಿಟಕಿ. ರೈಲಿನಿಂದ ಅದು ಕಾಣೋದು ಹೆಚ್ಚಂದ್ರೆ ಮೂರು ಸೆಕೆಂಡು. 2007ರಿಂದ 2012ರ ತನಕ ಅದು ನಮ್ಮ ಕಿಟಕಿ. ನಾವು ಮೂರು ಜನ, ಒಂದು ರೂಮು, ಒಂದು ಸ್ಟೌ, ಬಾಡಿಗೆ ಮಾತ್ರ ಮೂರು ಭಾಗ.

ಈಗ ಆ ಕಿಟಕಿಗೆ ಒಳಗಿಂದ ಹಳೇ ಕ್ಯಾಲೆಂಡರ್ ಶೀಟ್ ಅಂಟಿಸಿದಾರೆ. ಯಾರಿದಾರೋ ಗೊತ್ತಿಲ್ಲ. ಆದ್ರೆ ಯಾಕೆ ಅಂಟಿಸಿದಾರೆ ಅನ್ನೋದು ನನ್ನಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಕ್ಕಿಲ್ಲ.

ರೈಲು ಶುರುವಾಗಿದ್ದು 2011ರ ಅಕ್ಟೋಬರ್ 20. ಅದರ ಮಾರನೇ ದಿನಾನೋ ಏನೋ, ಬೆಳಿಗ್ಗೆ ಬನಿಯನ್ನಲ್ಲಿ ಕಿಟಕಿ ಹತ್ರ ನಿಂತು ಹಲ್ಲುಜ್ಜುತ್ತಾ ಇದ್ದೆ, ನಾಲ್ಕು ವರ್ಷದ ಅಭ್ಯಾಸ ಅದು. ಇದ್ದಕ್ಕಿದ್ದ ಹಾಗೆ ಕಣ್ಣಿನ ಮಟ್ಟದಲ್ಲೇ ಮೂರು ಡಬ್ಬಿ ಸುಯ್ ಅಂತ ಬಂತು, ಆಗ ಮೂರೇ ಡಬ್ಬಿ ಇದ್ದಿದ್ದು. ಎಲ್ಲಾ ಕಿಟಕಿಯಲ್ಲೂ ಮುಖಗಳು, ಎಲ್ಲವೂ ಹೊರಗೆ ನೋಡೋಕೇ ಬಂದಿರೋ ಮುಖಗಳು. ಗಾಜಿಗೆ ಮೂಗು ಒತ್ತಿಕೊಂಡಿದ್ದ ಒಂದು ಮಗು ನನಗೆ ಟಾಟಾ ಮಾಡ್ತು. ನಾನೂ ಬ್ರಷ್ ಎತ್ತಿ ಟಾಟಾ ಮಾಡಿದೆ, ಬಾಯ್ತುಂಬಾ ನೊರೆ. ಅವತ್ತೇ ಸಾಯಂಕಾಲ ಹೋಗಿ ಕರ್ಟನ್ ತಂದ್ವಿ.

ಈಗ ನಾನು ಒಳಗಿರೋನು. ದಿನಾ ಆ ಮೂರು ಸೆಕೆಂಡು ಅವರ ಕ್ಯಾಲೆಂಡರ್ ಶೀಟು ನೋಡ್ಕೊಂಡು ಹೋಗ್ತೀನಿ. ಇದೇ ಕೊರೀತಿರೋದು ನನಗೆ. ಮೇಲೆ ಹೋಗೋ ರೈಲಲ್ಲಿ ಕೂತೋರು ದಾಟಿಬಿಡ್ತಾರೆ, ಅದರ ಕೆಳಗೆ, ಪಕ್ಕದಲ್ಲಿ ಇರೋರು ಅಲ್ಲೇ ಇರ್ತಾರೆ. ಲಾಭ ಒಬ್ಬರ ಲೆಕ್ಕಕ್ಕೆ, ಖರ್ಚು ಇನ್ನೊಬ್ಬರ ಲೆಕ್ಕಕ್ಕೆ. ನಾನು ಎರಡೂ ಕಡೆ ಇದ್ದು ಬಂದಿದೀನಿ, ಆದ್ರೂ ಈ ಲೆಕ್ಕ ಸರಿಹೋಗ್ತಾ ಇಲ್ಲ.

ರಾತ್ರಿ ಹನ್ನೊಂದರ ನಾಟಕ

ಕಟ್ಟುವಾಗಿನ ಕಾಲ ನೆನಪು ಮಾಡ್ಕೊಂಡ್ರೆ ಮೊದಲು ಬರೋದು ಧೂಳು, ಆಮೇಲೆ ರಾತ್ರಿ. 2006ರ ಜೂನ್ 24ಕ್ಕೆ ಮನಮೋಹನ್ ಸಿಂಗ್ ಬಂದು ಅಡಿಗಲ್ಲು ಹಾಕಿದ್ರು, ಮುಂದಿನ ವರ್ಷ ಏಪ್ರಿಲಲ್ಲಿ ಬೈಯಪ್ಪನಹಳ್ಳಿಯಿಂದ ಎಂಜಿ ರೋಡ್ ತನಕದ ಕೆಲಸ ಶುರುವಾಯ್ತು. ಬರೀ 6.7 ಕಿಲೋಮೀಟರ್, ಆರು ಸ್ಟೇಷನ್. ಅದಕ್ಕೆ ನಾಲ್ಕೂವರೆ ವರ್ಷ. ನಾವು ರೂಮಿಗೆ ಬಂದಾಗ ರೋಡ್ ಮಧ್ಯ ತಗಡಿನ ಬ್ಯಾರಿಕೇಡ್ ಬಂದಾಗಿತ್ತು, ನಾವು ರೂಮ್ ಬಿಡೋ ವರ್ಷಕ್ಕೆ ಮೊದಲು ಅದನ್ನ ತೆಗೆದ್ರು. ನನ್ನ ಬ್ಯಾಚುಲರ್ ಜೀವನ ಪೂರ್ತಿ ಆ ತಗಡಿನ ಆಚೆ ಈಚೆ ಕಳೆದುಹೋಯ್ತು ಅನ್ನಬಹುದು.

ಹಗಲು ಹೊತ್ತು ಅಲ್ಲಿ ನೋಡೋಕೆ ಏನಿರ್ತಿರ್ಲಿಲ್ಲ. ರಾತ್ರಿ ಟ್ರಾಫಿಕ್ ಕಮ್ಮಿ ಆದ್ಮೇಲೆ ಉದ್ದದ ಟ್ರೇಲರ್‌ಗಳು ಬರೋವು. ಒಂದೊಂದರ ಮೇಲೆ ಒಂದೊಂದು ಕಾಂಕ್ರೀಟ್ ತುಂಡು, ಸೆಗ್ಮೆಂಟ್ ಅಂತಾರೆ, ಎಲ್ಲೋ ದೂರದ ಯಾರ್ಡಲ್ಲಿ ಎರಕ ಹೊಯ್ದು ಒಣಗಿಸಿ ತಂದಿರೋದು. ಎರಡು ಕಂಬದ ಮೇಲೆ ಲಾಂಚಿಂಗ್ ಗರ್ಡರ್ ಅನ್ನೋ ಕಬ್ಬಿಣದ ದೊಡ್ಡ ಚೌಕಟ್ಟು ಕೂತಿರತ್ತೆ. ಅದು ಈ ತುಂಡುಗಳನ್ನ ಒಂದೊಂದಾಗಿ ಎತ್ತಿ ಗಾಳಿಯಲ್ಲಿ ಸಾಲಾಗಿ ನೇತು ಹಾಕತ್ತೆ, ಒಗೆದ ಬಟ್ಟೆ ತಂತಿಗೆ ಹಾಕಿದ ಹಾಗೆ. ಹತ್ತರ ಆಸುಪಾಸು ತುಂಡು ಸೇರಿದ್ರೆ ಒಂದು ಕಂಬದಿಂದ ಇನ್ನೊಂದು ಕಂಬದ ದೂರ ಆಗತ್ತೆ. ಹುಡುಗರು ತುಂಡುಗಳ ಮುಖಕ್ಕೆ ಅಂಟು ಬಳಿಯೋರು, ಆಮೇಲೆ ಒಳಗಿನ ತೂತುಗಳಲ್ಲಿ ಉಕ್ಕಿನ ಹಗ್ಗ ತೂರಿಸಿ ಎರಡೂ ಕಡೆಯಿಂದ ಜ್ಯಾಕ್ ಹಾಕಿ ಜಗ್ಗೋರು. ಅಷ್ಟೇ, ಹತ್ತು ತುಂಡು ಒಂದಾಗಿ ಬಿಗಿದು ನಿಲ್ತಿತ್ತು. ನನ್ನ ರೂಮ್‌ಮೇಟ್ ಸಿವಿಲ್ ಓದಿದೋನು, ಅವನಂತೂ ಚಾಪೆ ಕಿಟಕಿ ಹತ್ರಾನೇ ಹಾಕ್ಕೊಂಡು ಕ್ರಿಕೆಟ್ ಕಾಮೆಂಟರಿ ಥರಾ ಹೇಳೋನು, ನೋಡು ಈಗ ಟೆನ್ಷನ್ ಕೊಡ್ತಾರೆ, ಈಗ ಗರ್ಡರ್ ಮುಂದಿನ ಕಂಬಕ್ಕೆ ತೆವಳತ್ತೆ ಅಂತ. ನಿಜವಾಗ್ಲೂ ಅದು ತೆವಳತ್ತೆ. ತಾನು ಕಟ್ಟಿದ್ದರ ಮೇಲೇ ಕಾಲಿಟ್ಕೊಂಡು ಮುಂದಕ್ಕೆ ಹೋಗೋ ಪ್ರಾಣಿ ಥರಾ.

ಒಂದಿನ ರಾತ್ರಿ ಸೈಕಲ್ ಟೀ ಕುಡೀತಾ ಅಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಹುಡುಗನ್ನ ಎಲ್ಲಿಯವನಪ್ಪ ಅಂತ ಹರಕು ಹಿಂದಿಯಲ್ಲಿ ಕೇಳಿದೆ. ಬಿಹಾರದ ಯಾವುದೋ ಊರ ಹೆಸರು ಹೇಳಿದ. ಇದರಲ್ಲಿ ರೈಲು ಓಡುವಾಗ ನೀನಿರಲ್ವಲ್ಲೋ ಅಂದೆ. ಆಗ ಇನ್ನೊಂದು ಊರಲ್ಲಿ ಇನ್ನೊಂದು ಕಂಬ ಅಂತ ನಕ್ಕ.

ಮೇಲೇ ಯಾಕೆ

ಬೆಂಗಳೂರಿಗೆ ರೈಲು ಬೇಕು ಅನ್ನೋ ಮಾತು ಹಳೇದು. 1983ರಲ್ಲೇ ದಕ್ಷಿಣ ರೈಲ್ವೆಯೋರು ಎರಡು ಮೆಟ್ರೋ ಮಾರ್ಗ ಸೂಚಿಸಿದ್ರು, ರಾಜಾಜಿನಗರದಿಂದ ಜಯನಗರಕ್ಕೊಂದು, ಹಡ್ಸನ್ ಸರ್ಕಲ್ಲಿಂದ ಕೃಷ್ಣರಾಜಪುರಕ್ಕೊಂದು. ಫೈಲ್ ಮುಚ್ಚಿತು. ಶಂಕರ್ ನಾಗ್ ಮೆಟ್ರೋ ಕನಸು ಕಂಡಿದ್ದರ ಕತೆ ನಿಮಗೆಲ್ಲ ಗೊತ್ತೇ ಇದೆ, ಪ್ರತಿ ಸಲ ಹೊಸ ಲೈನ್ ಶುರುವಾದಾಗ್ಲೂ ಅವರ ಫೋಟೋ ಫಾರ್ವರ್ಡ್ ಆಗತ್ತೆ. 1994ರಲ್ಲಿ ರಾಜ್ಯ ಸರ್ಕಾರ ಒಂದು ಕಂಪನಿನೇ ಮಾಡ್ತು, ಖಾಸಗಿಯವರ ಜೊತೆ ಸೇರಿ ಎತ್ತರದ ಲೈಟ್ ರೈಲು ಕಟ್ಟೋದು ಅಂತ. ಅದೂ ಆಗ್ಲಿಲ್ಲ. ಆಮೇಲೆ ದೆಹಲಿಯಲ್ಲಿ ಮೆಟ್ರೋ ಓಡಿದ್ದು ನೋಡಿ ಇಲ್ಲಿ ಧೈರ್ಯ ಬಂತು. 2003ರಲ್ಲಿ ದೆಹಲಿ ಮೆಟ್ರೋದವರೇ ಯೋಜನಾ ವರದಿ ಕೊಟ್ರು, 2006ರ ಏಪ್ರಿಲಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಡ್ತು. ಮೊದಲಿನ ಅಂದಾಜು 33 ಕಿಲೋಮೀಟರಿಗೆ 6,395 ಕೋಟಿ. ಕೊನೆಗೆ ಉದ್ದ 42.3 ಕಿಲೋಮೀಟರ್ ಆಯ್ತು, 2017ರ ಜೂನಲ್ಲಿ ಮೊದಲ ಹಂತ ಮುಗಿಯೋ ಹೊತ್ತಿಗೆ ಖರ್ಚು ಆ ಅಂದಾಜಿನ ದುಪ್ಪಟ್ಟು ದಾಟಿತ್ತು.

ಆ 42ರಲ್ಲಿ ನೆಲದಡಿ ಇರೋದು 8.8 ಕಿಲೋಮೀಟರ್ ಮಾತ್ರ. ಯಾಕೆ ಅಂದ್ರೆ ದುಡ್ಡು, ಬೇರೇನಿಲ್ಲ. ಸುರಂಗ ಕೊರೆಯೋಕೆ ಮೇಲ್ಸೇತುವೆಯ ಎರಡು ಮೂರು ಪಟ್ಟು ಬೇಕು, ಅದರ ಜೊತೆ ನಮ್ಮೂರ ಕಲ್ಲು. ಮೆಜೆಸ್ಟಿಕ್ ಕಡೆ ಸುರಂಗದಲ್ಲಿ ಮಿಷಿನ್ ಸಿಕ್ಕಿಹಾಕೊಂಡು ತಿಂಗಳುಗಟ್ಲೆ ನಿಂತಿದ್ದು ನೆನಪಿರಬಹುದು. ಹಾಗಾಗಿ ಎಲ್ಲಿ ಏನೇ ಮಾಡಿದ್ರೂ ಜಾಗ ಇಲ್ವೋ ಅಲ್ಲಿ ಕೆಳಗೆ, ಒಂಚೂರು ಅಗಲದ ರೋಡಿದ್ರೂ ಅಲ್ಲಿ ಮೇಲೆ. ಸಿಎಂಎಚ್ ರೋಡ್ ಅಂಗಡಿಯವರು ನಮ್ಮ ರೋಡ್ ಬೇಡ, ಹಳೇ ಮದ್ರಾಸ್ ರೋಡಲ್ಲಿ ತಗೊಂಡು ಹೋಗಿ ಅಂತ ವರ್ಷಗಟ್ಲೆ ಹೋರಾಡಿದ್ರು, ಬಂದ್ ಮಾಡಿದ್ರು, ಕೋರ್ಟಿಗೂ ಹೋದ್ರು. ಆಗ ನಮಗೆ ಅವರ ಮೇಲೆ ಸಿಟ್ಟು ಬರ್ತಿತ್ತು, ನಾಲ್ಕು ಅಂಗಡಿಗೋಸ್ಕರ ಇಡೀ ಊರಿನ ರೈಲು ನಿಲ್ಲಿಸ್ತಾರಲ್ಲ ಅಂತ. ಈಗ ಅಷ್ಟು ಖಡಾಖಂಡಿತವಾಗಿ ಮಾತಾಡಕ್ಕೆ ಬರಲ್ಲ ನಂಗೆ. ಲೈನ್ ಜನ ಇರೋ ಕಡೆನೇ ಹೋಗ್ಬೇಕು ಅನ್ನೋದು ಸರಿ, ಇಂದಿರಾನಗರ ಸ್ಟೇಷನ್ ಹತ್ರ ಸಂಜೆ ಆರಕ್ಕೆ ನಿಂತು ನೋಡಿದ್ರೆ ಅದು ಗೊತ್ತಾಗತ್ತೆ. ಆದ್ರೆ ಮೇಲೆ ಹೋಗೋದು ಅಗ್ಗ ಅಂತೀವಲ್ಲ, ಆ ಅಗ್ಗದ ಲೆಕ್ಕದಲ್ಲಿ ರೋಡಿನ ಮರ ಇಲ್ಲ, ಕಿಟಕಿಯ ಬಿಸಿಲಿಲ್ಲ, ನಾಲ್ಕು ವರ್ಷ ಬ್ಯಾರಿಕೇಡ್ ಹಿಂದೆ ಕಾಣದೇ ಹೋದ ಅಂಗಡಿ ಇಲ್ಲ. ಅವೆಲ್ಲ ಸೇರಿಸಿದ್ರೂ ಮೇಲ್ಸೇತುವೆನೇ ಅಗ್ಗ ಆಗಬಹುದು, ನಾನು ಇಲ್ಲ ಅನ್ನಲ್ಲ. ಕೂಡಿಸಿ ನೋಡಬೇಕಿತ್ತಲ್ಲ.

ಬಿಸಿಲಿನ ವಿಷಯ ಬಂದಿದ್ದಕ್ಕೆ ಒಂದು ಮಾತು. ಸಿಎಂಎಚ್ ರೋಡ್ ಹೆಚ್ಚುಕಮ್ಮಿ ಪೂರ್ವ ಪಶ್ಚಿಮಕ್ಕೆ ಇದೆ, ನಮ್ಮ ರೂಮಿದ್ದಿದ್ದು ಉತ್ತರದ ಸಾಲಲ್ಲಿ. ಧನುರ್ಮಾಸದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರೋದ್ರಿಂದ ಮೇಲ್ಸೇತುವೆಯ ನೆರಳು ಸೀದಾ ನಮ್ಮ ಕಡೆನೇ ಬೀಳೋದು. ಮೊದಲು ಚಳಿಗಾಲದಲ್ಲಿ ಕಿಟಕಿ ಹತ್ರ ಬಿಸಿಲು ಕಾಯಿಸ್ಕೊಂಡು ಪೇಪರ್ ಓದ್ತಿದ್ವಿ. ಆಮೇಲೆ ಡಿಸೆಂಬರಲ್ಲಿ ಟೆರೇಸಿಗೆ ಹೋಗ್ಬೇಕಾಯ್ತು. ಎದುರು ಸಾಲಿನವರಿಗೆ ಈ ತೊಂದರೆ ಇಲ್ಲ. ಹದಿನೈದಿಪ್ಪತ್ತು ಮೀಟರ್ ಅಗಲದ ರೋಡಿನ ಎರಡು ಕಡೆಗೆ ಎರಡು ಥರದ ಚಳಿಗಾಲ.

ಎಂಜಿ ರೋಡಿನ ಕತೆ ಎಲ್ಲರೂ ಬರೆದಿದಾರೆ. ಆ ಬೌಲೆವಾರ್ಡು ಅನ್ನೋ ನೆರಳಿನ ಕಾಲುದಾರಿ, ಅದರ ಕಾಗದದ ಹೂವಿನ ಬಳ್ಳಿ, ಪರೇಡ್ ಗ್ರೌಂಡ್ ಕಡೆಯ ಗಾಳಿ. ಅದನ್ನ ತೆಗೆದು ಲೈನ್ ಹಾಕಿ, ಅದರ ಕೆಳಗೆ 2013ರಲ್ಲಿ ರಂಗೋಲಿ ಅಂತ ಕಲಾಕೇಂದ್ರ ಮಾಡಿದ್ರು, ಚೆನ್ನಾಗೇ ಇದೆ. ಅಲ್ಲಿ ಗ್ಯಾಲರಿಗಳಿಗೆ ಛಾಯಾ, ಬೆಳಕು ಅಂತೆಲ್ಲ ಹೆಸರಿಟ್ಟಿದಾರೆ. ಇಟ್ಟೋರಿಗೆ ಇದರ ತಮಾಷೆ ಹೊಳೆದಿತ್ತೋ ಇಲ್ವೋ. ಜಯನಗರ ಕಡೆ ನಂದಾ ರೋಡಲ್ಲಿ 2009ರಲ್ಲಿ ಜನ ಮರ ಉಳಿಸಿ ಅಂತ ಕೈ ಕೈ ಹಿಡ್ಕೊಂಡು ನಿಂತಿದ್ರು, ಅಲ್ಲೂ ಲೈನ್ ಹೋಯ್ತು.

ಅತ್ತೆಯ ಟೋಕನ್

ಇಷ್ಟೆಲ್ಲ ಬರೀತಿರೋನು ಮೆಟ್ರೋ ವಿರೋಧಿ ಅಂದ್ಕೊಂಡ್ರೆ ತಪ್ಪು. 2011ರ ದೀಪಾವಳಿಗೆ ಚನ್ನರಾಯಪಟ್ಟಣದಿಂದ ನಮ್ಮ ಅತ್ತೆ ಬಂದಿದ್ರು, ಅಪ್ಪನ ಅಕ್ಕ. ರೈಲು ಶುರುವಾಗಿ ವಾರ ಆಗಿತ್ತು ಅಷ್ಟೇ, ಇಡೀ ಬೆಂಗಳೂರು ಜಾತ್ರೆಗೆ ಬಂದ ಹಾಗೆ ಬೈಯಪ್ಪನಹಳ್ಳಿಗೆ ಬಂದಿತ್ತು. ಕ್ಯೂ ಸ್ಟೇಷನ್ ಹೊರಗೆ ಬಿಸಿಲಲ್ಲಿ ಹಾವಿನ ಥರ ಸುತ್ತಿ ಸುತ್ತಿ ನಿಂತಿತ್ತು, ಎಲ್ಲಿಗೂ ಹೋಗಬೇಕಾದ ಕೆಲಸ ಯಾರಿಗೂ ಇಲ್ಲ. ಎಂಜಿ ರೋಡಿಗೆ ಹೋಗೋದು, ವಾಪಸ್ ಬರೋದು. ಕೆಲವರು ಬುತ್ತಿ ಕಟ್ಕೊಂಡು ಬಂದಿದ್ರು.

ಎಸ್ಕಲೇಟರ್ ಹತ್ತಕ್ಕೆ ಅತ್ತೆ ಒಪ್ಪಲಿಲ್ಲ, ಮೆಟ್ಟಿಲಲ್ಲೇ ಬಂದ್ರು. ಕರಿ ಬಣ್ಣದ ದುಂಡನೆ ಟೋಕನ್ನು ಕೈಗೆ ಕೊಟ್ಟೆ, ತಿರುಗಿಸಿ ಮುರುಗಿಸಿ ನೋಡಿ, "ಇದೇನ್ ಮಗಾ, ಚೌಕಾಬಾರದ ಕಾಯಿ ಇದ್ದಂಗೈತೆ" ಅಂದ್ರು. ರೈಲು ಹೊರಟ ಮೇಲೆ ಎಲ್ಲರೂ ಓ ಅಂತ ಕೂಗಿದ್ರು, ಅತ್ತೆ ಮಾತ್ರ ಸುಮ್ಮನೆ ಕಿಟಕಿ ಆಚೆ ನೋಡ್ತಾ ಇದ್ರು. ಸ್ವಾಮಿ ವಿವೇಕಾನಂದ ರೋಡ್ ದಾಟ್ತು, ಇಂದಿರಾನಗರ ಬಂತು. ಮಾಳಿಗೆ ಮೇಲೆ ಕರಿ ನೀರಿನ ಟ್ಯಾಂಕುಗಳು, ಒಣಗಾಕಿದ ಸೀರೆ, ಮುರಿದ ಮಕ್ಕಳ ಸೈಕಲ್ಲು, ಒಂದು ಕಡೆ ಚಾಪೆ ಮೇಲೆ ಸಂಡಿಗೆ. "ಊರ್‌ನೋರ ಹಿತ್ತಲೆಲ್ಲ ಕಾಣಂಗೆ ಮಾಡವ್ರಲ್ಲೋ" ಅಂದ್ರು. ಸ್ವಲ್ಪ ಹೊತ್ತಾದ್ಮೇಲೆ, "ಸಂಡಿಗೆ ಹಾಕಿರೋಳು ಕಾಗೆಗೆ ಒಂದು ಕರಿ ಬಟ್ಟೆ ಕಟ್ಟಿಲ್ಲ ನೋಡು" ಅಂತ ಒಂದು ತಕರಾರು. ಹದಿನೈದು ನಿಮಿಷದೊಳಗೆ ಎಂಜಿ ರೋಡ್. ಇಳಿದು ಗೇಟಿನ ಹತ್ರ ಬಂದ್ರೆ ಟೋಕನ್ ಇಲ್ಲ. ಹಾಕಿದ್ರೆ ತಾನೇ ಬಾಗಿಲು ತೆಗೆಯೋದು. ಹಿಂದೆ ನೂರಾರು ಜನ, ಅತ್ತೆ ಸೆರಗು ಕೊಡವಿದ್ರು, ಕೈಚೀಲ ಬುಡಮೇಲು ಮಾಡಿದ್ರು, ಕೊನೆಗೆ ಎಲೆ ಅಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿ ಪಕ್ಕ ಸಿಕ್ತು. ಅದನ್ನ ಗೇಟಿನ ಬಾಯಿಗೆ ಹಾಕೋಕೆ ಅವರಿಗೆ ಮನಸ್ಸೇ ಇರ್ಲಿಲ್ಲ. "ದುಡ್ ಕೊಟ್ಟು ತಗಂಡಿದ್ದು, ವಾಪಸ್ ಯಾಕ್ ಕೊಡದು?"

ಅತ್ತೆ ಈಗಿಲ್ಲ. ಮೆಟ್ರೋದಲ್ಲಿ ಕನ್ನಡದಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳ್ತಿದ್ದ ಅಪರ್ಣಾ ಅವರೂ 2024ರ ಜುಲೈಯಲ್ಲಿ ಹೋಗಿಬಿಟ್ರು. ಅವರು ಹೋದ ಮಾರನೇ ದಿನ ಬೆಳಿಗ್ಗೆ ಅದೇ ದನಿ ಎಂದಿನ ಹಾಗೆ ಇಂದಿರಾನಗರ ಅಂತು. ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ಸ್ಪೀಕರ್ ಕಡೆ ಒಂದು ಸಲ ನೋಡಿ ತಲೆ ಬಗ್ಗಿಸಿದ್ರು.

ಕಂಬಗಳಿಗೆ ನಂಬರ್ ಇರೋದು ಯಾಕೆ

ಕಂಬದ ನಂಬರು ಮೊದಲ ಸಲ ನನ್ನ ತಲೆಯಲ್ಲಿ ಕೂತಿದ್ದು 2018ರ ಡಿಸೆಂಬರಲ್ಲಿ. ಟ್ರಿನಿಟಿ ಹತ್ರ 155ನೇ ಪಿಲ್ಲರ್ ಮೇಲಿನ ತೊಲೆಯಲ್ಲಿ ಕಾಂಕ್ರೀಟ್ ಒಳಗೆ ಟೊಳ್ಳು ಕಾಣಿಸ್ಕೊಂಡಿತ್ತು. ಇಂಜಿನಿಯರುಗಳು ಅದಕ್ಕೆ ಹನಿಕೋಂಬ್ ಅಂತಾರೆ, ಜೇನುಗೂಡು. ಎಷ್ಟು ಸಿಹಿಯಾದ ಹೆಸರು ನೋಡಿ. ಕೆಳಗೆ ಕಬ್ಬಿಣದ ಆಸರೆ ಕೊಟ್ಟು, ತಿಂಗಳ ಕೊನೆಗೆ ಮೂರು ದಿನ ಎಂಜಿ ರೋಡಿಂದ ಇಂದಿರಾನಗರದ ತನಕ ರೈಲು ನಿಲ್ಲಿಸಿ ರಿಪೇರಿ ಮಾಡಿದ್ರು. ನಾನು ಅದನ್ನ ನೋಡಕ್ಕೇ ಅಂತ ಹೋಗಿದ್ದೆ, ನನ್ನ ಥರದ ಇನ್ನೂ ಹತ್ತಿಪ್ಪತ್ತು ಜನ ಫುಟ್‌ಪಾತಲ್ಲಿ ಕತ್ತು ಎತ್ತಿ ನಿಂತಿದ್ರು. ಅಲ್ಲಿಯ ತನಕ ಆ ಕಂಬಗಳು ನಂಗೆ ಬೆಟ್ಟ ಗುಡ್ಡದ ಹಾಗೆ ಮೊದಲಿಂದ ಇದ್ದ ವಸ್ತು ಆಗೋಗಿತ್ತು. ಅವತ್ತು ಮತ್ತೆ ರಾತ್ರಿ ಅಂಟು ಬಳೀತಿದ್ದ ಹುಡುಗರು ನೆನಪಾದ್ರು. ಮನುಷ್ಯರು ಮಾಡಿದ್ದು ಇದು, ಕೈ ತಪ್ಪಬಹುದು.

ಕೈ ತಪ್ಪಿತು ಕೂಡ. 2023ರ ಜನವರಿ 10ಕ್ಕೆ ನಾಗವಾರದ ಹತ್ರ, ಇನ್ನೂ ಕಾಂಕ್ರೀಟ್ ತುಂಬದ ಒಂದು ಕಂಬದ ಕಬ್ಬಿಣದ ಪಂಜರ ರೋಡಿನ ಮೇಲೆ ವಾಲಿ ಬಿತ್ತು. ಗಾಡಿಯಲ್ಲಿ ಹೋಗ್ತಿದ್ದ ತಾಯಿ, ಅವರ ಪುಟ್ಟ ಮಗ ಹೋಗಿಬಿಟ್ರು. ಅವರು ಮೆಟ್ರೋ ಹತ್ತಿದವರಲ್ಲ, ಆ ಲೈನಲ್ಲಿ ರೈಲು ಓಡೋಕೆ ಇನ್ನೂ ವರ್ಷಗಳಿತ್ತು. ಕೆಳಗೆ ಹೋಗ್ತಿದ್ದೋರು ಅಷ್ಟೇ. ಲೆಕ್ಕ ಸರಿಹೋಗ್ತಾ ಇಲ್ಲ ಅಂದೆನಲ್ಲ, ನಾನು ಯಾವಾಗ ಕೂಡಿಸಕ್ಕೆ ಕೂತ್ರೂ ಇಲ್ಲಿಗೆ ಬಂದು ನಿಲ್ಲತ್ತೆ.

ಆದ್ರೂ ದಿನಾ ಹತ್ತತೀನಿ. ಬೈಯಪ್ಪನಹಳ್ಳಿಯಿಂದ ಕೆಆರ್ ಪುರದ ನಡುವಿನ ಎರಡು ಕಿಲೋಮೀಟರ್ ಸೇರದೆ, 2023ರ ಮಾರ್ಚಿಂದ ಅಕ್ಟೋಬರ್ ತನಕ ಇಳಿದು ಬಸ್ ಹತ್ತಿ ಮತ್ತೆ ರೈಲು ಹತ್ತಿದ್ದೀನಿ. ಅಕ್ಟೋಬರ್ 9ಕ್ಕೆ ಬೆನ್ನಿಗಾನಹಳ್ಳಿ ರೈಲ್ವೆ ಹಳಿಗಳ ಮೇಲಿಂದ ಮೊದಲ ಸಲ ದಾಟಿದಾಗ ಖುಷಿಗೆ ಶಿಳ್ಳೆ ಹೊಡೆದೋರಲ್ಲಿ ನಾನೂ ಒಬ್ಬ. ರಾಗಿಗುಡ್ಡದ ಹತ್ರ ಈಗ ಕೆಳಗೆ ರೋಡು, ಅದರ ಮೇಲೆ ಫ್ಲೈಓವರು, ಅದರ ಮೇಲೆ ಮೆಟ್ರೋ. 2025ರ ಆಗಸ್ಟಲ್ಲಿ ಹಳದಿ ಲೈನ್ ಶುರುವಾದಾಗ ಸುಮ್ನೆ ನೋಡೋಣ ಅಂತ ಹೋಗಿ ಬಂದೆ. ಎಷ್ಟೋ ಮನೆಗಳ ನೀರಿನ ಟ್ಯಾಂಕಿಗಿಂತ ಎತ್ತರ. ಅಷ್ಟು ಮೇಲೆ ಹೋದ್ರೆ ಯಾರ ಕಿಟಕಿಯೂ ಕಾಣಲ್ಲ, ಸಂಡಿಗೆನೂ ಕಾಣಲ್ಲ.

ಸರಿ, ಬಿರಿಯಾನಿ. ಕೆಳಗೆ ಇಳಿದು ಬಂದು ಕಂಬದ ಸುತ್ತ ನೋಡ್ತೀನಿ, ನಂಬರಿನ ಮೇಲೆ ಯಾವುದೋ ಪಿಜಿಯ ಪೋಸ್ಟರ್ ಅಂಟಿಸಿದಾರೆ, ಆ ಕಡೆ ಮುಖ ನೋಡೋಣ ಅಂದ್ರೆ ಡಿವೈಡರ್ ದಾಟಕ್ಕೆ ಗಾಡಿಗಳು ಬಿಡ್ತಿಲ್ಲ. ಹುಡುಗ ಮತ್ತೆ ಫೋನ್ ಮಾಡ್ತಾ ಇದಾನೆ. ಕ್ರಾಸ್ ಮೂಲೆಯಲ್ಲಿ ಇಸ್ತ್ರಿ ಗಾಡಿ ಇತ್ತು, ಅದೇ ಗಾಡಿ, ಅದೇ ಮನುಷ್ಯ, ಕೂದಲು ಬೆಳ್ಳಗಾಗಿದೆ. ಗುರುತು ಹಿಡಿದ್ರು. ನಮ್ಮ ಕಾಲದಲ್ಲಿ ಅವರ ಗಾಡಿ ಹೊಂಗೆ ಮರದ ಕೆಳಗಿತ್ತು, ಯಾರಾದ್ರೂ ಅಡ್ರೆಸ್ ಕೇಳಿದ್ರೆ ಮರದ ಕೆಳಗೆ ಅಂದ್ರೆ ಸಾಕು ಅನ್ನೋರು. ಮರ ಹೋದ ವರ್ಷ ಒಂದು ನೀಲಿ ಟಾರ್ಪಾಲು ಕಟ್ಕೊಂಡಿದ್ರು, ಅದು ಈಗ್ಲೂ ಇದೆ, ಅಂದ್ರೆ ಅದರ ಮಕ್ಕಳು ಮೊಮ್ಮಕ್ಕಳು ಇರಬೇಕು.

"ಅಣ್ಣಾ, ಈ ಪಿಲ್ಲರ್ ನಂಬರ್ ಎಷ್ಟು?" ಅಂದೆ.

ಇಸ್ತ್ರಿ ಪೆಟ್ಟಿಗೆ ಶರ್ಟಿನ ಕಾಲರ್ ಮೇಲಿತ್ತು, ಅದನ್ನ ಎತ್ತಲಿಲ್ಲ, ತಲೆನೂ ಎತ್ತಲಿಲ್ಲ. ನಂಬರ್ ಹೇಳಿಬಿಟ್ಟು, "ಮುಂದಿನದು ಬೇಕಾದ್ರೆ ಅದೂ ಹೇಳ್ತೀನಿ" ಅಂದ್ರು.